ಗದ್ದಲದ ತಂತಿಯಲ್ಲಿ ತಪ್ಪಿಲ್ಲದ ಓಲೆ

ದೂರವಾಣಿಯಲ್ಲಿ ಮಾತನಾಡುತ್ತಿರುವಾಗ ನಡುವೆ ಕರಕರ ಸದ್ದು ಕೇಳಿಬಂದರೂ ನಮ್ಮ ಮಾತುಕತೆ ಸಾಗುತ್ತಲೇ ಇರುತ್ತದೆ. ‘ನಾಳೆ ಬೆಳ... ಏಳು ಗಂಟೆಗೆ ಬರುತ್ತೇನೆ’ ಎಂದು ಕೇಳಿಸಿದರೆ ಸಾಕು; ಕಳೆದುಹೋದ ಅಕ್ಷರಗಳನ್ನು ನಮ್ಮ ಮನಸ್ಸು ತಾನಾಗಿ ಕೂಡಿಸಿಕೊಂಡು ‘ಬೆಳಗ್ಗೆ’ ಎಂದು ತಿಳಿದುಕೊಳ್ಳುತ್ತದೆ. ಭಾಷೆಯಲ್ಲಿ ಅಗತ್ಯಕ್ಕಿಂತ ಹೆಚ್ಚಿನ ಅಕ್ಷರಗಳಿರುವುದರಿಂದಲೂ ಮಾತಿನ ಸಂದರ್ಭ ನಮಗೆ ಗೊತ್ತಿರುವುದರಿಂದಲೂ ಇದು ಸಾಧ್ಯವಾಗುತ್ತದೆ.

ಗಣಕಯಂತ್ರಕ್ಕೆ ಈ ಅನುಕೂಲವಿಲ್ಲ. ಅದು ಅಕ್ಷರವನ್ನೂ ಅಂಕಿಯನ್ನೂ 0 ಮತ್ತು 1 ಎಂಬ ಎರಡೇ ಚಿಹ್ನೆಗಳ ಸಾಲಾಗಿ ಬರೆದುಕೊಳ್ಳುತ್ತದೆ. ಇಂತಹ ಒಂದೊಂದು ಚಿಹ್ನೆಗೆ ಬಿಟ್ ಎಂದೂ ಎಂಟು ಬಿಟ್‌ಗಳ ಕಟ್ಟಿಗೆ ಬೈಟ್ ಎಂದೂ ಹೆಸರು. ಗಣಕಗಳಲ್ಲಿ ರೂಢಿಗೆ ಬಂದಿರುವ ಆಸ್ಕಿ ಸಂಕೇತದಲ್ಲಿ ‘1’ ಎಂಬ ಅಂಕಿಯ ರೂಪ 00110001. ‘9’ ಎಂಬ ಅಂಕಿಯ ರೂಪ 00111001. ಎರಡನ್ನೂ ಒಂದರ ಕೆಳಗೊಂದು ಇಟ್ಟು ನೋಡಿದರೆ ಒಂದೇ ಒಂದು ಬಿಟ್‌ನ ವ್ಯತ್ಯಾಸ ಕಾಣುತ್ತದೆ. ತಂತಿಯಲ್ಲಿ ಹರಿಯುವಾಗ ಆ ಒಂದು ಬಿಟ್ ಕೆಟ್ಟರೆ ಸಾವಿರ ರೂಪಾಯಿಯ ಲೆಕ್ಕ ಒಂಬತ್ತು ಸಾವಿರ ರೂಪಾಯಿಯದಾಗುತ್ತದೆ. ಓದುವವರಿಗೆ ಸಂಶಯ ಬರುವುದಕ್ಕೂ ಕಾರಣವಿರುವುದಿಲ್ಲ. ಕಳುಹಿಸಿದ್ದು ಗಣಕವನ್ನು ನಡೆಸುವ ಆಜ್ಞೆಗಳ ಪಟ್ಟಿಯಾಗಿದ್ದರಂತೂ ಆ ಒಂದು ತಪ್ಪಿನಿಂದ ಯಂತ್ರವೇ ಸ್ತಬ್ಧವಾಗಬಹುದು.

ಹೀಗಿದ್ದರೂ 1970 ಮತ್ತು 1980ರ ದಶಕಗಳಲ್ಲಿ ಸಹಸ್ರಾರು ಜನರು ಮನೆಯ ದೂರವಾಣಿಯ ತಂತಿಯ ಮೂಲಕವೇ ತಮ್ಮ ಗಣಕಗಳ ಬರಹಗಳನ್ನು ಊರಿಂದೂರಿಗೆ ಅಕ್ಷರವೂ ಕೆಡದಂತೆ ಕಳುಹಿಸಿದರು. ತಂತಿಯನ್ನು ಅವರು ಸರಿಪಡಿಸಲಿಲ್ಲ. ಅದು ಅವರ ಕೈಯಲ್ಲಿರಲೂ ಇಲ್ಲ. ನಂಬಲಾಗದ ತಂತಿಯ ಮೇಲೆ ನಂಬಬಹುದಾದ ಸಂದೇಶವನ್ನು ಕಳುಹಿಸುವುದು ಹೇಗೆ ಸಾಧ್ಯವಾಯಿತು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಬಿಟ್‌ಗಳಿಗೆ ದನಿ

ದೂರವಾಣಿಯ ತಂತಿಯನ್ನು ಹೂಡಿದ್ದು ಮನುಷ್ಯನ ಕಂಠಕ್ಕಾಗಿ. ಸೆಕೆಂಡಿಗೆ ಸುಮಾರು 300ರಿಂದ 3,400 ಕಂಪನಗಳವರೆಗಿನ ಸ್ವರಗಳನ್ನು ಮಾತ್ರವೇ ಅದು ಚೆನ್ನಾಗಿ ಸಾಗಿಸುತ್ತದೆ. ಗಣಕದ 0 ಮತ್ತು 1ಗಳನ್ನು ಅದರಲ್ಲಿ ಕಳುಹಿಸಬೇಕಾದರೆ ಮೊದಲು ಅವನ್ನು ಸ್ವರಗಳಾಗಿ ಮಾರ್ಪಡಿಸಬೇಕು. ಆ ಕಡೆಯಲ್ಲಿ ಸ್ವರಗಳನ್ನು ಮರಳಿ ಬಿಟ್‌ಗಳಾಗಿ ಮಾಡಿಕೊಳ್ಳಬೇಕು. ಈ ಎರಡು ಕೆಲಸಗಳನ್ನೂ ಮಾಡುವ ಉಪಕರಣವೇ ಮೋಡೆಮ್.

ಅಮೆರಿಕದ ಬೆಲ್ ದೂರವಾಣಿ ಸಂಸ್ಥೆ 1962ರಲ್ಲಿ ಹೊರತಂದ ‘103’ ಎಂಬ ಮಾದರಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕರೆ ಮಾಡಿದ ಮೋಡೆಮ್ 1 ಎನ್ನಲು 1,270 ಕಂಪನಗಳ ಸ್ವರವನ್ನೂ 0 ಎನ್ನಲು 1,070 ಕಂಪನಗಳ ಸ್ವರವನ್ನೂ ಹೊರಡಿಸುತ್ತಿತ್ತು. ಉತ್ತರ ಕೊಡುವ ಮೋಡೆಮ್‌ಗೆ 2,225 ಮತ್ತು 2,025 ಕಂಪನಗಳ ಬೇರೆ ಎರಡು ಸ್ವರಗಳು ಮೀಸಲಾಗಿದ್ದವು. ಆದುದರಿಂದ ಇಬ್ಬರೂ ಒಂದೇ ತಂತಿಯಲ್ಲಿ ಏಕಕಾಲಕ್ಕೆ ಮಾತನಾಡಬಹುದಾಗಿತ್ತು. ವೇಗ ಸೆಕೆಂಡಿಗೆ 300 ಬಿಟ್. ಒಂದು ಬೈಟ್‌ನ ಆದಿ ಅಂತ್ಯಗಳನ್ನು ತೋರಿಸಲು ಎರಡು ಬಿಟ್‌ಗಳನ್ನು ಸೇರಿಸಬೇಕಾಗಿದ್ದುದರಿಂದ, ಸೆಕೆಂಡಿಗೆ ಮೂವತ್ತು ಅಕ್ಷರಗಳು ಸಾಗುತ್ತಿದ್ದವು.

ಈ ವೇಗದಲ್ಲಿ ಒಂದು ಬಿಟ್‌ನ ಆಯುಸ್ಸು ಸೆಕೆಂಡಿನ ಮುನ್ನೂರನೆಯ ಒಂದು ಭಾಗ. ದೂರವಾಣಿ ಕೇಂದ್ರದಲ್ಲಿ ಒಂದು ಸ್ವಿಚ್ಚು ಮಿಡಿದಾಗಲೋ, ಎಲ್ಲಿಯೋ ಮಿಂಚು ಹೊಡೆದಾಗಲೋ ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಕಾಲ ತಂತಿಯಲ್ಲಿ ಸದ್ದೆದ್ದರೆ ಅಷ್ಟರಲ್ಲಿ ಮೂರು ಬಿಟ್‌ಗಳು ಕೆಡುತ್ತವೆ. ವೇಗವನ್ನು 2,400 ಬಿಟ್‌ಗಳಿಗೆ ಏರಿಸಿದರೆ ಅದೇ ಸದ್ದು 24 ಬಿಟ್‌ಗಳನ್ನು ಕೆಡಿಸುತ್ತದೆ. ಮನೆಯ ಇನ್ನೊಂದು ಕೋಣೆಯಲ್ಲಿ ಯಾರಾದರೂ ಅದೇ ತಂತಿಗೆ ಸೇರಿದ ಮತ್ತೊಂದು ದೂರವಾಣಿಯನ್ನು ಎತ್ತಿ ‘ಹಲೋ’ ಎಂದರೆ ಏನಾಗುತ್ತಿತ್ತೆಂಬುದನ್ನು ಓದುಗರೇ ಊಹಿಸಬಹುದು.

ಷಿಕಾಗೋದಲ್ಲಿ ಹುಟ್ಟಿದ ಕರಾರು

ಈ ತೊಡಕಿಗೆ ಸರಳವಾದೊಂದು ಪರಿಹಾರವನ್ನು 1977ರಲ್ಲಿ ಷಿಕಾಗೋದ ವಾರ್ಡ್ ಕ್ರಿಸ್ಟೆನ್ಸನ್ ರೂಪಿಸಿದರು. ಐಬಿಎಂ ಸಂಸ್ಥೆಯ ಉದ್ಯೋಗಿಯಾಗಿದ್ದ ಅವರು ಬಿಡುವಿನ ವೇಳೆಯಲ್ಲಿ ಚಿಕ್ಕ ಗಣಕಗಳ ಹವ್ಯಾಸದಲ್ಲಿ ತೊಡಗಿದ್ದವರು. ತಮ್ಮ ಗಣಕದ ಬರಹಗಳನ್ನು ದೂರದ ಗಣಕಕ್ಕೆ ಮೋಡೆಮ್ ಮೂಲಕ ಕಳುಹಿಸಲು ಅವರು ಒಂದು ಪುಟ್ಟ ಪ್ರೋಗ್ರಾಮನ್ನು ಬರೆದು ಯಾರು ಬೇಕಾದರೂ ಬಳಸಿಕೊಳ್ಳಲೆಂದು ಉಚಿತವಾಗಿ ಹಂಚಿದರು. ಅದರಲ್ಲಿ ಅಡಕವಾಗಿದ್ದ ನಿಯಮಗಳು ಮುಂದೆ ಎಕ್ಸ್‌ಮೋಡೆಮ್ ಎಂಬ ಹೆಸರಿನಿಂದ ಪ್ರಸಿದ್ಧವಾದುವು. 1978ರ ಫೆಬ್ರವರಿ 16ರಂದು ಕ್ರಿಸ್ಟೆನ್ಸನ್ ಮತ್ತು ರ್‍ಯಾಂಡಿ ಸ್ಯೂಸ್ ಇಬ್ಬರೂ ಸೇರಿ, ದೂರವಾಣಿಯ ಮೂಲಕ ಯಾರು ಬೇಕಾದರೂ ಸಂದೇಶ ಬರೆದಿಡಬಹುದಾದ ಮೊದಲ ಗಣಕ ಫಲಕವನ್ನು ಷಿಕಾಗೋದಲ್ಲಿ ಆರಂಭಿಸಿದರು. ಅಂತಹ ಫಲಕಗಳು ಹಬ್ಬಿದಂತೆ ಎಕ್ಸ್‌ಮೋಡೆಮ್ ಕೂಡ ಹಬ್ಬಿತು. ಕ್ರಿಸ್ಟೆನ್ಸನ್ 2024ರಲ್ಲಿ ನಿಧನರಾದರು.

ಎರಡು ಯಂತ್ರಗಳು ಪರಸ್ಪರ ವ್ಯವಹರಿಸುವಾಗ ಪಾಲಿಸಲು ಮೊದಲೇ ಒಪ್ಪಿಕೊಂಡ ಕಟ್ಟಳೆಗಳಿಗೆ ಪ್ರೋಟೊಕಾಲ್ ಎಂದು ಹೆಸರು. ಅದನ್ನು ನಾವು ಕರಾರು ಎಂದು ಕರೆಯಬಹುದು. ಕ್ರಿಸ್ಟೆನ್ಸನ್‌ರ ಕರಾರಿನ ಸಾರ ಇಷ್ಟು: ಕಳುಹಿಸಬೇಕಾದ ಬರಹವನ್ನು 128 ಬೈಟ್‌ಗಳ ತುಂಡುಗಳಾಗಿ ಕತ್ತರಿಸಬೇಕು. ಆಗಿನ ಎಂಟು ಅಂಗುಲದ ತಟ್ಟೆಗಳಲ್ಲಿ ಮಾಹಿತಿಯನ್ನು ಬರೆದಿಡುತ್ತಿದ್ದುದೂ 128 ಬೈಟ್‌ಗಳ ಖಂಡಗಳಲ್ಲಿಯೇ ಆದುದರಿಂದ ಈ ಅಳತೆ ಸಹಜವಾಗಿಯೇ ಒದಗಿತು. ಪ್ರತಿಯೊಂದು ತುಂಡಿನ ಮುಂದೆ ಮೂರು ಬೈಟ್‌ಗಳನ್ನು ಇಡಬೇಕು: ‘ಇಲ್ಲಿಂದ ಆರಂಭ’ ಎಂಬ ಗುರುತು ಒಂದು, ತುಂಡಿನ ಕ್ರಮಸಂಖ್ಯೆ ಇನ್ನೊಂದು, 255ರಿಂದ ಆ ಕ್ರಮಸಂಖ್ಯೆಯನ್ನು ಕಳೆದು ಬಂದ ಸಂಖ್ಯೆ ಮತ್ತೊಂದು. ಕೊನೆಯ ಎರಡು ಸಂಖ್ಯೆಗಳನ್ನು ಕೂಡಿದಾಗ 255 ಬಾರದಿದ್ದರೆ ಕ್ರಮಸಂಖ್ಯೆಯೇ ದಾರಿಯಲ್ಲಿ ಕೆಟ್ಟಿದೆ ಎಂದು ಅರ್ಥ. ತುಂಡಿನ ಹಿಂದೆ, 128 ಬೈಟ್‌ಗಳನ್ನೂ ಕೂಡಿ 256ರಿಂದ ಭಾಗಿಸಿದಾಗ ಉಳಿಯುವ ಶೇಷವನ್ನು ತಾಳೆ ನೋಡುವುದಕ್ಕಾಗಿ ಇಡಬೇಕು. ಒಟ್ಟು 132 ಬೈಟ್.

ಪಡೆಯುವ ಗಣಕ ತುಂಡು ಬಂದೊಡನೆ ತಾನೂ ಅದೇ ರೀತಿ ಕೂಡಿ ನೋಡುತ್ತದೆ. ಎರಡು ಲೆಕ್ಕಗಳೂ ತಾಳೆಯಾದರೆ ‘ಮುಟ್ಟಿತು’ ಎಂಬ ಒಂದು ಬೈಟ್‌ನ ರಸೀತಿ ಕಳುಹಿಸುತ್ತದೆ. ಆಗಲಿಲ್ಲವಾದರೆ ‘ಮತ್ತೆ ಕಳುಹಿಸು’ ಎನ್ನುತ್ತದೆ. ಹತ್ತು ಸೆಕೆಂಡು ಕಾದರೂ ಏನೂ ಬಾರದಿದ್ದಾಗಲೂ ‘ಮತ್ತೆ ಕಳುಹಿಸು’ ಎಂದೇ ಹೇಳುತ್ತದೆ. ಕಳುಹಿಸುವವನು ರಸೀತಿ ಬರುವ ತನಕ ಮುಂದಿನ ತುಂಡಿಗೆ ಹೋಗಕೂಡದು.

ತುಂಡು ಮಾಡುವುದರ ಲಾಭವನ್ನು ಲೆಕ್ಕದಿಂದ ಮನಗಾಣಬಹುದು. 16,384 ಬೈಟ್‌ಗಳ ಬರಹ 128 ತುಂಡುಗಳಾಗುತ್ತದೆ. ಸೆಕೆಂಡಿಗೆ 30 ಬೈಟ್‌ಗಳ ವೇಗದಲ್ಲಿ ಒಂದು ತುಂಡಿಗೆ 4.4 ಸೆಕೆಂಡು, ಇಡೀ ಬರಹಕ್ಕೆ ಒಂಬತ್ತು ನಿಮಿಷಕ್ಕೂ ಹೆಚ್ಚು. ಬರಹವನ್ನು ಇಡಿಯಾಗಿ ಕಳುಹಿಸಿ ಕೊನೆಯಲ್ಲಿ ತಪ್ಪನ್ನು ಕಂಡುಕೊಂಡರೆ ಒಂಬತ್ತು ನಿಮಿಷಗಳ ಕೆಲಸವೂ ವ್ಯರ್ಥ. ಎರಡನೆಯ ಸಲ ಬೇರೊಂದು ಕಡೆ ತಪ್ಪಾಗದೆಂಬ ಭರವಸೆಯೂ ಇಲ್ಲ. ತುಂಡುಗಳಾಗಿ ಕಳುಹಿಸಿದಾಗ ಒಂದು ತಪ್ಪಿನ ದಂಡ 4.4 ಸೆಕೆಂಡು ಮಾತ್ರ.

ರಸೀತಿಯೇ ಕಳೆದುಹೋದರೆ?

ಇಲ್ಲಿ ಚುರುಕಾದ ಓದುಗರು ಒಂದು ಪ್ರಶ್ನೆಯನ್ನು ಕೇಳಬಹುದು. ತುಂಡು ಸಾಗುವ ತಂತಿಯಲ್ಲಿಯೇ ರಸೀತಿಯೂ ಬರಬೇಕಷ್ಟೆ? ಗದ್ದಲಕ್ಕೆ ರಸೀತಿಯ ಮೇಲೆ ದಾಕ್ಷಿಣ್ಯವುಂಟೆ?

ಖಂಡಿತ ಇಲ್ಲ. ‘ಮುಟ್ಟಿತು’ ಎಂಬ ಬೈಟ್ ದಾರಿಯಲ್ಲಿ ಕೆಟ್ಟುಹೋಯಿತೆಂದು ಇಟ್ಟುಕೊಳ್ಳೋಣ. ಕಳುಹಿಸುವವನು ತುಂಡು ಮುಟ್ಟಲಿಲ್ಲವೆಂದು ಭಾವಿಸಿ ಅದನ್ನೇ ಮತ್ತೊಮ್ಮೆ ಕಳುಹಿಸುತ್ತಾನೆ. ಪಡೆಯುವವನ ಬಳಿ ಅದು ಆಗಲೇ ಇದೆ. ಅವನು ಅದನ್ನು ಹೊಸ ತುಂಡೆಂದು ತಿಳಿದು ಬರೆದುಕೊಂಡರೆ ಬರಹದಲ್ಲಿ 128 ಬೈಟ್‌ಗಳು ಎರಡು ಸಲ ಸೇರಿಬಿಡುತ್ತವೆ. ಪ್ರತಿಯೊಂದು ತುಂಡೂ ನಿರ್ದೋಷವಾಗಿದ್ದು ಒಟ್ಟು ಬರಹ ಮಾತ್ರ ತಪ್ಪಾಗುತ್ತದೆ! ಕ್ರಮಸಂಖ್ಯೆಯ ಅಗತ್ಯ ಇಲ್ಲಿ ತಿಳಿಯುತ್ತದೆ. ಹಿಂದಿನ ಸಂಖ್ಯೆಯೇ ಮತ್ತೆ ಬಂದರೆ ಪಡೆಯುವವನು ತುಂಡನ್ನು ಎಸೆದು ರಸೀತಿಯನ್ನು ಮಾತ್ರ ಮತ್ತೊಮ್ಮೆ ಕೊಡುತ್ತಾನೆ.

‘ಮತ್ತೆ ಕಳುಹಿಸು’ ಎಂಬುದು ದಾರಿಯಲ್ಲಿ ‘ಮುಟ್ಟಿತು’ ಎಂದಾಗುವುದು ಇನ್ನೂ ಅಪಾಯಕರ. ಆಸ್ಕಿಯಲ್ಲಿ ಈ ಎರಡು ಉತ್ತರಗಳಿಗೆ ಗೊತ್ತಾದ ಸಂಕೇತಗಳು 00010101 ಮತ್ತು 00000110. ಇವೆರಡರ ನಡುವೆ ಮೂರು ಬಿಟ್‌ಗಳ ಅಂತರವಿದೆ. ಒಂದೋ ಎರಡೋ ಬಿಟ್ ಕೆಟ್ಟರೂ ಒಂದು ಇನ್ನೊಂದಾಗದು. ಸಂಕೇತಗಳ ನಡುವಿನ ಈ ‘ದೂರ’ವೇ ತಪ್ಪಿನಿಂದ ರಕ್ಷಣೆ ಕೊಡುವ ಗುಣ.

ಮೊತ್ತವೂ ಶೇಷವೂ

ಈ ಕರಾರಿನಲ್ಲಿ ಒಂದು ಕೊರತೆ ಉಳಿದಿತ್ತು. ಮೊತ್ತವನ್ನು ತಾಳೆ ನೋಡುವುದು ಸುಲಭ. ಆದರೆ ಮೊತ್ತ ಮೋಸ ಹೋಗುವುದೂ ಸುಲಭ. 72, 65, 76 ಎಂಬ ಮೂರು ಬೈಟ್‌ಗಳ ಮೊತ್ತ 213. ಗದ್ದಲದಿಂದ ಒಂದು ಬೈಟ್ ಒಂದರಷ್ಟು ಹೆಚ್ಚಾಗಿ ಇನ್ನೊಂದು ಒಂದರಷ್ಟು ಕಡಿಮೆಯಾಗಿ 73, 64, 76 ಎಂದಾದರೂ ಮೊತ್ತ 213. ಬೈಟ್‌ಗಳು ಅದಲುಬದಲಾದರೂ 213. ತುಂಡು ಪೂರ್ತಿಯಾಗಿ ಕಲಸಿಹೋದಾಗಲೂ 256ರಲ್ಲಿ ಒಂದು ಸಲ ಮೊತ್ತ ಆಕಸ್ಮಿಕವಾಗಿ ಸರಿಹೊಂದಬಹುದು. ರಾತ್ರಿಯಿಡೀ ಬರಹಗಳನ್ನು ತರಿಸಿಕೊಳ್ಳುವವನಿಗೆ 256ರಲ್ಲಿ ಒಂದು ಎಂಬುದು ಸಣ್ಣ ಅಪಾಯವಲ್ಲ.

ಇದಕ್ಕಿಂತ ಒಳ್ಳೆಯ ಪರೀಕ್ಷೆಯನ್ನು ಅರಿಯಲು ಶಾಲೆಯ ಗಣಿತವೊಂದನ್ನು ನೆನೆಯೋಣ. ಗುಣಾಕಾರ ಸರಿಯೇ ಎಂದು ನೋಡಲು ಸಂಖ್ಯೆಯ ಅಂಕಿಗಳನ್ನು ಕೂಡಿ 9ರಿಂದ ಭಾಗಿಸಿ ಶೇಷ ನೋಡುವ ಪದ್ಧತಿಯುಂಟು. 5274 ಎಂಬಲ್ಲಿ ಅಂಕಿಗಳ ಮೊತ್ತ 18, ಶೇಷ 0. ಬರೆಯುವಾಗ ಅಂಕಿಗಳು ಹಿಂದುಮುಂದಾಗಿ 5724 ಆದರೂ ಮೊತ್ತ 18, ಶೇಷ 0. ತಪ್ಪು ತಿಳಿಯಲಿಲ್ಲ. ಈಗ 9ನ್ನು ಬಿಟ್ಟು 11ರಿಂದ ಭಾಗಿಸಿ ನೋಡಿ. 5274ಕ್ಕೆ ಶೇಷ 5. 5724ಕ್ಕೆ ಶೇಷ 4. ತಪ್ಪು ಒಡನೆಯೇ ಹೊರಬಿತ್ತು. ಹೀಗೆ ಪರೀಕ್ಷೆಯ ಬಲವು ಭಾಜಕದ ಆಯ್ಕೆಯಲ್ಲಿದೆ.

ಇದೇ ತತ್ತ್ವವನ್ನು ಬಿಟ್‌ಗಳಿಗೆ ಅನ್ವಯಿಸಿದಾಗ ದೊರೆಯುವುದೇ ಚಕ್ರೀಯ ಶೇಷಪರೀಕ್ಷೆ. ಇದರ ಗಣಿತವನ್ನು ಡಬ್ಲ್ಯು. ವೆಸ್ಲಿ ಪೀಟರ್ಸನ್ ಮತ್ತು ಡಿ. ಟಿ. ಬ್ರೌನ್ 1961ರ ಒಂದು ಪ್ರಬಂಧದಲ್ಲಿ ವಿವರಿಸಿದರು. ಇಡೀ ತುಂಡನ್ನು ಒಂದು ಬಹು ದೊಡ್ಡ ದ್ವಿಮಾನ ಸಂಖ್ಯೆಯೆಂದು ಭಾವಿಸಿ, ಮೊದಲೇ ಗೊತ್ತುಮಾಡಿಕೊಂಡ ಭಾಜಕದಿಂದ ಭಾಗಿಸಿ, ಉಳಿದ ಶೇಷವನ್ನು ತುಂಡಿನ ಬೆನ್ನಿಗೆ ಕಟ್ಟಿ ಕಳುಹಿಸುವುದು ಕ್ರಮ. ಈ ಭಾಗಾಕಾರದಲ್ಲಿ ದಶಕ ತರುವ ಗೊಡವೆಯಿಲ್ಲ: ಕಳೆಯುವಾಗ ಎರಡು ಬಿಟ್‌ಗಳು ಒಂದೇ ಆಗಿದ್ದರೆ 0, ಬೇರೆಯಾಗಿದ್ದರೆ 1 ಎಂದು ಬರೆದರಾಯಿತು. ಎಕ್ಸ್‌ಮೋಡೆಮ್‌ನ ಸುಧಾರಿಸಿದ ರೂಪದಲ್ಲಿ ಬಳಸಿದ ಭಾಜಕ 10001000000100001. ಇದರಿಂದ ಬರುವ 16 ಬಿಟ್‌ಗಳ ಶೇಷವು ತುಂಡಿನಲ್ಲಿ ಕೆಟ್ಟ ಬಿಟ್‌ಗಳ ಸಂಖ್ಯೆ ಒಂದಾಗಲಿ, ಎರಡಾಗಲಿ, ಯಾವುದೇ ಬೆಸ ಸಂಖ್ಯೆಯಾಗಲಿ ಹಿಡಿದುಬಿಡುತ್ತದೆ. ಒತ್ತಾಗಿ 16 ಬಿಟ್‌ಗಳ ಉದ್ದದವರೆಗೆ ಕೆಟ್ಟರೂ ಹಿಡಿಯುತ್ತದೆ. ತುಂಡು ಸಂಪೂರ್ಣವಾಗಿ ಕಲಸಿಹೋದಾಗ ಮಾತ್ರ 65,536ರಲ್ಲಿ ಒಂದು ಸಲ ಮೋಸಹೋಗುವ ಸಂಭವವಿದೆ. ಒಂದೇ ಒಂದು ಬೈಟ್ ಹೆಚ್ಚು ಕಳುಹಿಸಿದ್ದಕ್ಕೆ ದೊರೆತ ಫಲವಿದು!

ಕಾಯುವುದರ ಬೆಲೆ

ಮೋಡೆಮ್‌ಗಳ ವೇಗ ಹೆಚ್ಚಿದಂತೆ ಇನ್ನೊಂದು ದೋಷ ಎದ್ದು ಕಂಡಿತು. ಸೆಕೆಂಡಿಗೆ 2,400 ಬಿಟ್‌ಗಳ ವೇಗದಲ್ಲಿ ಒಂದು ತುಂಡು 0.55 ಸೆಕೆಂಡಿನಲ್ಲಿ ಹೋಗಿಬಿಡುತ್ತದೆ. ಕರೆ ಉಪಗ್ರಹದ ಮೂಲಕವೋ ಹಲವು ಗಣಕಗಳ ಮೂಲಕವೋ ಹಾದು ಹೋಗುವುದರಿಂದ ರಸೀತಿ ಬರಲು ಅರ್ಧ ಸೆಕೆಂಡು ಹಿಡಿಯಿತೆಂದರೆ, ಹೆಚ್ಚುಕಡಿಮೆ ಅರ್ಧ ಕಾಲ ತಂತಿ ಸುಮ್ಮನೆ ಬಿದ್ದಿರುತ್ತದೆ. ದೂರದ ಊರಿನ ಕರೆಗೆ ನಿಮಿಷದ ಲೆಕ್ಕದಲ್ಲಿ ಹಣ ತೆರುತ್ತಿದ್ದ ಕಾಲದಲ್ಲಿ ಮೌನಕ್ಕೂ ಬೆಲೆ ಕೊಡಬೇಕಾಗಿತ್ತು.

ತುಂಡನ್ನು ದೊಡ್ಡದು ಮಾಡುವುದು ಒಂದು ಉಪಾಯ. ಚಕ್ ಫೋರ್ಸ್‌ಬರ್ಗ್ ರಚಿಸಿದ ವೈಮೋಡೆಮ್‌ನಲ್ಲಿ 1,024 ಬೈಟ್‌ಗಳ ತುಂಡುಗಳನ್ನು ಬಳಸಬಹುದಾಗಿತ್ತು. ಆದರೆ ತುಂಡು ದೊಡ್ಡದಾದಷ್ಟೂ ಅದರಲ್ಲಿ ತಪ್ಪು ನುಸುಳುವ ಸಂಭವವೂ ಮರಳಿ ಕಳುಹಿಸುವ ಹೊರೆಯೂ ಹೆಚ್ಚುತ್ತವೆ. ಫೋರ್ಸ್‌ಬರ್ಗ್ 1986ರಲ್ಲಿ ರೂಪಿಸಿದ ಝಡ್‌ಮೋಡೆಮ್ ಬೇರೆಯೇ ದಾರಿ ಹಿಡಿಯಿತು. ಅದರಲ್ಲಿ ಕಳುಹಿಸುವವನು ರಸೀತಿಗಾಗಿ ನಿಲ್ಲದೆ ಒಂದೇ ಸಮನೆ ಕಳುಹಿಸುತ್ತಾ ಹೋಗಬಹುದು. ತಪ್ಪು ಕಂಡಾಗ ಪಡೆಯುವವನು ‘ಇಂತಿಷ್ಟನೆಯ ಬೈಟ್‌ನಿಂದ ಮತ್ತೆ ಆರಂಭಿಸು’ ಎನ್ನುತ್ತಾನೆ. ಕರೆಯೇ ಕಡಿದುಹೋದರೂ ಮರುದಿನ ನಿಂತಲ್ಲಿಂದ ಮುಂದುವರಿಯಬಹುದು. ಅದರ ಶೇಷಪರೀಕ್ಷೆಗೆ 32 ಬಿಟ್‌ಗಳಿದ್ದು, ಮೋಸಹೋಗುವ ಸಂಭವ ಸುಮಾರು 429 ಕೋಟಿಯಲ್ಲಿ ಒಂದಕ್ಕೆ ಇಳಿಯಿತು.

ಇದೇ ಕಾಲದಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಬೇರೊಂದು ಬಗೆಯ ಕಷ್ಟವಿತ್ತು. ಅಲ್ಲಿನ ದೊಡ್ಡ ಗಣಕಗಳಲ್ಲಿ ವಿದ್ಯಾರ್ಥಿಗಳ ಬರಹಗಳಿಗೆ ಸ್ಥಳ ಸಾಲದೆ, ಅವುಗಳನ್ನು ಚಿಕ್ಕ ಗಣಕಗಳ ತಟ್ಟೆಗಳಿಗೆ ಇಳಿಸಬೇಕಾಗಿತ್ತು. ಆದರೆ ಕೆಲವು ದೊಡ್ಡ ಗಣಕಗಳು ಎಂಟು ಬಿಟ್‌ಗಳಲ್ಲಿ ಏಳನ್ನು ಮಾತ್ರ ಸ್ವೀಕರಿಸುತ್ತಿದ್ದವು. ಮತ್ತೆ ಕೆಲವು ಸಂಕೇತಗಳನ್ನು ತಮಗೆ ಕೊಟ್ಟ ಆಜ್ಞೆಗಳೆಂದು ತಿಳಿದು ನುಂಗಿಬಿಡುತ್ತಿದ್ದವು. ಫ್ರ್ಯಾಂಕ್ ಡ ಕ್ರೂಜ್ ಮತ್ತು ಬಿಲ್ ಕ್ಯಾಚಿಂಗ್ಸ್ 1981ರಲ್ಲಿ ರಚಿಸಿದ ಕರ್ಮಿಟ್ ಎಂಬ ಕರಾರು, ಇಂತಹ ತೊಡಕಿನ ಬೈಟ್‌ಗಳನ್ನೆಲ್ಲ ಸಾಧಾರಣ ಅಕ್ಷರಗಳ ವೇಷ ತೊಡಿಸಿ ಕಳುಹಿಸಿತು. ಅದು ನಿಧಾನ ನಿಜ. ಆದರೆ ಬೇರೆ ಯಾವುದೂ ನುಸುಳದ ಕಡೆಯಲ್ಲಿ ಅದು ನುಸುಳುತ್ತಿತ್ತು.

ಕೇಳುವುದೋ, ತಿದ್ದುವುದೋ?

ಮೇಲಿನ ಎಲ್ಲ ವಿಧಾನಗಳೂ ತಪ್ಪನ್ನು ಕಂಡುಹಿಡಿಯುತ್ತವೆಯೇ ಹೊರತು ತಿದ್ದುವುದಿಲ್ಲ. ತಿದ್ದುವುದಕ್ಕಾಗಿ ಮತ್ತೊಮ್ಮೆ ಕೇಳುತ್ತವೆ. ಕೇಳದೆಯೇ ತಿದ್ದುವ ದಾರಿಯನ್ನು ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ್ದರು. ವಾರಾಂತ್ಯದಲ್ಲಿ ತಾವಿಲ್ಲದಾಗ ಗಣಕವು ತಪ್ಪನ್ನು ಕಂಡೊಡನೆ ತಮ್ಮ ಲೆಕ್ಕವನ್ನು ಕೈಬಿಡುತ್ತಿದ್ದುದು ಅವರನ್ನು ಈ ಚಿಂತನೆಗೆ ಹಚ್ಚಿತು. ಅವರ ಪದ್ಧತಿಯಲ್ಲಿ ನಾಲ್ಕು ಬಿಟ್‌ಗಳ ಮಾಹಿತಿಗೆ ಮೂರು ಪರೀಕ್ಷಾ ಬಿಟ್‌ಗಳನ್ನು ಸೇರಿಸುತ್ತಾರೆ. ಮೂರು ಪರೀಕ್ಷೆಗಳಿಗೆ 1, 2, 4 ಎಂಬ ಬೆಲೆಗಳು. ಯಾವ ಪರೀಕ್ಷೆಗಳು ತಪ್ಪಿದವೋ ಅವುಗಳ ಬೆಲೆಯನ್ನು ಕೂಡಿದರೆ ಕೆಟ್ಟ ಬಿಟ್‌ನ ಸ್ಥಾನವೇ ಬರುತ್ತದೆ: 1 ಮತ್ತು 4ರ ಪರೀಕ್ಷೆಗಳು ತಪ್ಪಿದರೆ ಐದನೆಯ ಬಿಟ್ ಕೆಟ್ಟಿದೆ. ಅದನ್ನು ತಿರುಗಿಸಿದರೆ ತಿದ್ದಿದಂತಾಯಿತು.

ಹಾಗಾದರೆ ಹವ್ಯಾಸಿಗಳು ಇದನ್ನೇಕೆ ಬಳಸಲಿಲ್ಲ? ನಾಲ್ಕಕ್ಕೆ ಮೂರು ಸೇರಿಸುವುದೆಂದರೆ ಮುಕ್ಕಾಲು ಪಾಲು ಹೆಚ್ಚಿನ ಹೊರೆ. ತಂತಿ ನಿಶ್ಶಬ್ದವಾಗಿದ್ದಾಗಲೂ ಅದನ್ನು ಹೊರಬೇಕು. ಅಲ್ಲದೆ ಈ ಪದ್ಧತಿ ಏಳರಲ್ಲಿ ಒಂದು ಬಿಟ್ ಕೆಟ್ಟಾಗ ಮಾತ್ರ ಸಲ್ಲುತ್ತದೆ. ತಂತಿಯ ಗದ್ದಲವೋ ಹಲವು ಬಿಟ್‌ಗಳನ್ನು ಒಟ್ಟಿಗೆ ಕೆಡಿಸುತ್ತದೆ. ಸೆಕೆಂಡಿನೊಳಗೆ ಉತ್ತರ ಬರುವ ಕಡೆಯಲ್ಲಿ ಮತ್ತೆ ಕೇಳುವುದೇ ಅಗ್ಗ. ಯುರೇನಸ್ ಗ್ರಹದ ಬಳಿಯಿಂದಾದರೆ ಹಾಗೆ ಕೇಳಲಾಗದು. 1986ರಲ್ಲಿ ವಾಯೇಜರ್ 2 ನೌಕೆ ಅಲ್ಲಿಂದ ಕಳುಹಿಸಿದ ಸಂಕೇತ ಭೂಮಿಗೆ ಬರಲು ಎರಡೂ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಆದುದರಿಂದ ಅದು ಒತ್ತಾಗಿ ಕೆಟ್ಟ ಬಿಟ್‌ಗಳನ್ನೂ ತಿದ್ದಬಲ್ಲ ರೀಡ್–ಸಾಲೊಮನ್ ಸಂಕೇತದಲ್ಲಿ ತನ್ನ ಚಿತ್ರಗಳನ್ನು ಕಳುಹಿಸಿತು. ಯಾವ ವಿಧಾನ ಮೇಲೆಂಬುದನ್ನು ನಿರ್ಧರಿಸುವುದು ಉತ್ತರ ಬರಲು ಹಿಡಿಯುವ ಕಾಲ.

ಕೊನೆಯ ಪರೀಕ್ಷೆ ಎಲ್ಲಿ ನಡೆಯಬೇಕು?

1988ರಲ್ಲಿ ಅಂತರರಾಷ್ಟ್ರೀಯ ದೂರವಾಣಿ ಸಮಿತಿಯು ವಿ.42 ಎಂಬ ನಿಯಮಾವಳಿಯನ್ನು ಹೊರಡಿಸಿತು. ತುಂಡು ಮಾಡುವುದು, ತಾಳೆ ನೋಡುವುದು, ಮತ್ತೆ ಕೇಳುವುದು ಇವನ್ನೆಲ್ಲ ಮೋಡೆಮ್‌ಗಳೇ ತಮ್ಮ ತಮ್ಮೊಳಗೆ ನಡೆಸಿಕೊಳ್ಳತೊಡಗಿದವು. ನಮ್ಮ ದೇಶದಲ್ಲಿ 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ದೂರವಾಣಿಯ ಮೂಲಕ ಇಂಟರ್‌ನೆಟ್ ಒದಗಿಸುವ ಹೊತ್ತಿಗೆ ಇಂತಹ ಮೋಡೆಮ್‌ಗಳು ಬಳಕೆಗೆ ಬಂದಿದ್ದವು.

ಹೀಗಾದ ಮೇಲೆ ಗಣಕವು ಮತ್ತೊಮ್ಮೆ ತಾಳೆ ನೋಡುವುದು ಅನಾವಶ್ಯಕವೆಂದು ತೋರಬಹುದು. ಅನುಭವ ಬೇರೆಯೇ ಪಾಠ ಕಲಿಸಿತು. ಮೋಡೆಮ್‌ಗಳ ನಡುವಣ ತಂತಿಯೇನೋ ನಿರ್ದೋಷವಾಯಿತು. ಆದರೆ ಮೋಡೆಮ್‌ನಿಂದ ಗಣಕಕ್ಕೆ ಬರುವ ಗೇಣುದ್ದದ ತಂತಿ ಉಳಿದೇ ಇತ್ತಲ್ಲ! ಗಣಕ ಬೇರೆ ಕೆಲಸದಲ್ಲಿ ತೊಡಗಿ ಬಂದ ಬೈಟನ್ನು ಸಕಾಲಕ್ಕೆ ಎತ್ತಿಕೊಳ್ಳದಿದ್ದರೆ, ಮುಂದಿನ ಬೈಟ್ ಅದರ ಮೇಲೆಯೇ ಬಂದು ಕೂರುತ್ತಿತ್ತು. ಮೋಡೆಮ್‌ಗೆ ಈ ನಷ್ಟದ ಸುಳಿವೂ ಇರದು. ದಾರಿಯ ಒಂದೊಂದು ಹಂತವೂ ತನ್ನ ಕೆಲಸ ಸರಿಯಾಯಿತೆಂದು ಹೇಳಿದರೂ ಬರಹ ಸರಿಯಾಗಿ ಸೇರಿತೆಂದು ಹೇಳುವಂತಿಲ್ಲ. ಅದನ್ನು ಹೇಳಬಲ್ಲವರು ಎರಡು ತುದಿಯವರು ಮಾತ್ರ. ಜೆರೋಮ್ ಸಾಲ್ಟ್ಸರ್, ಡೇವಿಡ್ ರೀಡ್ ಮತ್ತು ಡೇವಿಡ್ ಕ್ಲಾರ್ಕ್ ಎಂಬ ವಿಜ್ಞಾನಿಗಳು 1981ರಲ್ಲಿ ಮಂಡಿಸಿದ ಪ್ರಬಂಧವೊಂದರಲ್ಲಿ ಈ ವಿಚಾರವನ್ನೇ ಸಿದ್ಧಾಂತವಾಗಿ ನಿರೂಪಿಸಿದ್ದರು.

ಇಂದಿನ ಇಂಟರ್‌ನೆಟ್ ನಡೆಯುವುದೂ ಈ ನೆಲೆಯ ಮೇಲೆಯೇ. ಅದರಲ್ಲಿ ಬಳಸುವ ಟಿಸಿಪಿ ಎಂಬ ಕರಾರು ಬೈಟ್‌ಗಳಿಗೆ ಸಂಖ್ಯೆ ಕೊಡುತ್ತದೆ, ರಸೀತಿ ಪಡೆಯುತ್ತದೆ, ಬಾರದಿದ್ದರೆ ಮತ್ತೆ ಕಳುಹಿಸುತ್ತದೆ. ಝಡ್‌ಮೋಡೆಮ್ ಬಳಸಿದ 32 ಬಿಟ್‌ಗಳ ಭಾಜಕವನ್ನೇ ಈಥರ್‌ನೆಟ್ ಜಾಲವೂ ಜಿಪ್ ಎಂಬ ಕಟ್ಟುಗಳೂ ಉಪಯೋಗಿಸುತ್ತವೆ. ಎಕ್ಸ್‌ಮೋಡೆಮ್ ಕೂಡ ಸಂಪೂರ್ಣವಾಗಿ ಮರೆಯಾಗಿಲ್ಲ. ಕೆಲವು ಜಾಲಯಂತ್ರಗಳ ಒಳಗಿನ ಆಜ್ಞೆಗಳು ಅಳಿಸಿಹೋಗಿ ಅವು ಬೇರೆ ಯಾವ ಭಾಷೆಯೂ ತಿಳಿಯದ ಸ್ಥಿತಿಗೆ ಬಂದಾಗ, ಅವನ್ನು ಎಬ್ಬಿಸುವುದಕ್ಕೆ ತಂತ್ರಜ್ಞರು ಇಂದಿಗೂ ಇದೇ 128 ಬೈಟ್‌ಗಳ ತುಂಡುಗಳನ್ನು ಕಳುಹಿಸುತ್ತಾರೆ.

ಬ್ಯಾಂಕಿನ ಲೆಕ್ಕ, ಪರೀಕ್ಷೆಯ ಅಂಕಪಟ್ಟಿ, ಆಸ್ಪತ್ರೆಯ ವರದಿ ಇವೆಲ್ಲವೂ ಈಗ ತಂತಿಯಲ್ಲಿಯೂ ಗಾಳಿಯಲ್ಲಿಯೂ ಹರಿದು ನಮ್ಮನ್ನು ಮುಟ್ಟುತ್ತವೆ. ಗದ್ದಲ ಆ ದಾರಿಗಳಲ್ಲಿ ಇಂದಿಗೂ ಇದೆ. ಬಿಟ್‌ಗಳು ಇಂದಿಗೂ ಕೆಡುತ್ತವೆ. ಆದರೂ ಸಾವಿರ ಒಂಬತ್ತು ಸಾವಿರವಾಗದೆ ನಮ್ಮ ಕೈ ಸೇರುತ್ತಿರುವುದು, ಬಂದುದನ್ನು ಹಾಗೆಯೇ ನಂಬದೆ ತಾಳೆ ನೋಡಿ, ಸಂಶಯ ಬಂದರೆ ಮತ್ತೆ ಕೇಳುವ ಆ ಹಳೆಯ ಕರಾರಿನ ಬಲದಿಂದ.